ಹೊರಲಾಗದ ದಿಮ್ಮಿ

ನಿಂತ ಮರಕ್ಕಿಂತ ಬಿದ್ದ ಮರ ದೊಡ್ಡದು. ಇದು ನನಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ನಿಂತಿದ್ದಾಗ ನಮ್ಮ ಹೊಲದ ಬೇವಿಗೆ ಒಂದು ಹೊರಸಿನಷ್ಟು ಜಾಗ ಸಾಕಾಗಿತ್ತು. ಕಡಿಸಿದ ಮೇಲೆ ಕೊಂಬೆ, ರೆಂಬೆ, ಬೊಡ್ಡೆ ಎಲ್ಲ ಸೇರಿ ಮೂರು ಗುಂಟೆ ಹಿಡಿದುಕೊಂಡು ಮಲಗಿತು. ಜಾಗ ಮಾಡಿಕೊಳ್ಳಲೆಂದು ಕಡಿಸಿದವಳು ನಾನು; ಇದ್ದ ಜಾಗವನ್ನೂ ಕಳೆದುಕೊಂಡೆ.

ಹೊಲ ಇರುವುದು ಕುಕನೂರಿನಿಂದ ಯಲಬುರ್ಗಾ ಕಡೆಗೆ ಹೋಗುವ ದಾರಿಯಲ್ಲಿ, ಹಳ್ಳಕ್ಕೆ ಇಳಿಜಾರಾಗಿ. ಎರಡೂವರೆ ಎಕರೆ. ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತ, ನಮ್ಮವರು ಮುನಿರಾಬಾದಿನ ಕಚೇರಿಗೆ ಓಡಾಡುತ್ತ, ಹನ್ನೊಂದು ವರ್ಷ ಆ ಕಡೆ ತಿರುಗಿ ನೋಡಿರಲಿಲ್ಲ. ಅಷ್ಟರಲ್ಲಿ ಬಳ್ಳಾರಿ ಜಾಲಿ ಬಂದು ಸಂಸಾರ ಹೂಡಿತ್ತು. ದಾಳಿಂಬೆ ಹಚ್ಚೋಣವೆಂದು ಜಾಲಿಯನ್ನೆಲ್ಲ ಕಡಿಸಲು ಹೊರಟಾಗ, ಹನಿ ನೀರಾವರಿಯ ಪೈಪಿನ ನಕ್ಷೆ ತಂದಾತ ಕಾಗದದ ಮೇಲೆ ಒಂದು ಗೆರೆ ಎಳೆದ. ಗೆರೆ ಬೇವಿನ ಬುಡವನ್ನೇ ಹಾಯ್ದು ಹೋಗಿತ್ತು. ಗೆರೆಯನ್ನು ಬಾಗಿಸಬಹುದಿತ್ತು ಎಂದು ನನಗೆ ಹೊಳೆದದ್ದು ಮರ ಬಿದ್ದ ಮರುದಿನ.

ಮರ ಕಡಿಯುವ ಮೊದಲು ಯಾರೂ ಸಲಹೆ ಕೊಡುವುದಿಲ್ಲ. ದಿಮ್ಮಿಗಳು ಬಿದ್ದಿವೆ ಎಂದು ಗೊತ್ತಾದರೆ ಊರೇ ಬರುತ್ತದೆ. ಜಾಲಿ ಇದ್ದಿಲಿಗೆ ಛಲೋ ಎಂದರು ಕೆಲವರು. ಹೊಲದಲ್ಲಿದ್ದ ಹುಣಸೆಯನ್ನೂ ಕಡಿದರೆ ಅದರ ಒಂದು ಗಾಲಿಯಷ್ಟು ತುಂಡು ತನಗೇ ಬೇಕೆಂದು ಕೊಪ್ಪಳದ ಖಾಟೀಕನೊಬ್ಬ ಹೇಳಿ ಕಳಿಸಿದ. ಮೇಲಿಟ್ಟು ಎಷ್ಟು ಮಾಂಸ ಕೊಚ್ಚಿದರೂ ಹುಣಸೆ ಚೂರು ಬಿಡುವುದಿಲ್ಲವಂತೆ. ನಮ್ಮವರು ಫೋನಿನಲ್ಲಿ, "ಬೆಂಕಿ ಹಚ್ಚಿ ಕೈ ತೊಳಕೊ" ಎಂದರು. ಕಚೇರಿಯಲ್ಲಿ ಹಳೆಯ ಫೈಲುಗಳ ನಡುವೆ ಕೂರುವವರಿಗೆ ಅದೊಂದು ಆಸೆ ಇರುತ್ತದೆ. ಬೇವಿನ ದಿಮ್ಮಿಯ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅದು ಇಬ್ಬರು ತೋಳು ಚಾಚಿದರೆ ಸುತ್ತುವಷ್ಟು ದಪ್ಪ, ಎಂಟು ಅಡಿ ಉದ್ದ, ಎಲ್ಲಿಯೂ ಗಂಟಿಲ್ಲದ ನೇರ ಬೊಡ್ಡೆ.

ಈಗ ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು.

ಕಡಿಯಲು ಬಂದಿದ್ದವರು ಮಾಬುಸಾಬ ಕಾಕಾ. ಅರವತ್ತು ದಾಟಿದವರು. ಸುತ್ತಿನ ಊರುಗಳಲ್ಲಿ ಅವರು ಮುಟ್ಟದ ಮರವಿಲ್ಲ. ದಿಮ್ಮಿ ಇಳಿಜಾರಿನಲ್ಲಿ ಇದ್ದುದರಿಂದ ಅದು ಉರುಳದಂತೆ ಕೆಳಬದಿಗೆ ಒಂದು ಕಲ್ಲು ಆನಿಸಿದ್ದರು. ಚಪ್ಪಟೆ ಕಲ್ಲು. ಕೂರುವುದಕ್ಕೆ ಹೇಳಿ ಮಾಡಿಸಿದಂತಿತ್ತು. ನಾನು ಅದನ್ನು ಎಳೆದುಕೊಂಡು, ಇನ್ನೂ ಕಡಿಯದ ಹುಣಸೆಯ ನೆರಳಿಗೆ ಹೋಗಿ ಕುಳಿತೆ. ಇಪ್ಪತ್ತಾರು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳು, ಇಳಿಜಾರಿನ ಮೇಲೆ ಉರುಳುವ ಚೆಂಡಿನ ಚಿತ್ರವನ್ನು ಬೋರ್ಡಿನ ಮೇಲೆ ನೂರಾರು ಸಲ ಬರೆದವಳು.

ದಿಮ್ಮಿ ಕೂಡಲೇ ಉರುಳಲಿಲ್ಲ. ನಾನು ಅರ್ಧ ಕಪ್ ಚಹಾ ಕುಡಿಯುವಷ್ಟು ಹೊತ್ತು ಸುಮ್ಮನಿತ್ತು. ಕಾಕಾ ಅದರ ಕೆಳಬದಿಗೆ ನಿಂತು, ನನಗೆ ಬೆನ್ನು ಮಾಡಿ, ಹಗ್ಗದ ಗಂಟು ಬಿಡಿಸುತ್ತಿದ್ದರು. ಮೊದಲು ಒಣಗಿದ ಎಲೆ ನುರಿದ ಸದ್ದು. ಆಮೇಲೆ ದಿಮ್ಮಿ, ಯಾರೋ ಮಗ್ಗುಲು ಬದಲಿಸಿದ ಹಾಗೆ, ಒಂದು ಸುತ್ತು ತಿರುಗಿತು. ಅವರು ಎಡಗಾಲು ಎತ್ತಿದರು. ಕಾಲು ಬಂತು, ಚಪ್ಪಲಿ ಉಳಿಯಿತು. ದಿಮ್ಮಿ ಅದರ ಮೇಲೆ ಹಾಯ್ದು ಬದುವಿಗೆ ಬಡಿದು ನಿಂತಿತು.

ನಾನು ಕುಳಿತಲ್ಲಿಂದಲೇ "ಅಲಾಯಿ ದೇವ್ರ, ಈ ಹೊಲದ ಕಟ್ಟಿಗಿ ಎಲ್ಲಾ ನಿನಗ!" ಎಂದು ಕೂಗಿದೆ. ಪಕ್ಕದ ಹೊಲದವರೂ ಕೇಳಿಸಿಕೊಂಡರು.

ನಮ್ಮ ಕಡೆ ಮೊಹರಮ್ಮಿಗೆ ಮಸೂತಿಯ ಮುಂದೆ ಅಲಾಯಿ ಕುಣಿ ತೋಡಿ ಕಟ್ಟಿಗೆ ಉರಿಸುತ್ತಾರೆ. ಯಾವ ಜಾತಿಯ ಮನೆಯ ಕಟ್ಟಿಗೆ ಎಂದು ಕುಣಿ ಕೇಳುವುದಿಲ್ಲ. ಆದರೆ ಒಮ್ಮೆ ಅಲಾಯಿಗೆ ಎಂದು ನುಡಿದ ಕಟ್ಟಿಗೆ ಅಲಾಯಿಯದೇ. ಅದನ್ನು ಒಲೆಗೆ ಹಾಕುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ನನಗೆ ಒಂದು ಕಡೆ ಸಮಾಧಾನವೇ ಆಯಿತು. ಕಾಕಾನ ಕಾಲು ಉಳಿಯಿತು, ದಿಮ್ಮಿಗಳನ್ನು ಏನು ಮಾಡುವುದೆಂಬ ಚಿಂತೆಯೂ ಹೋಯಿತು. ದೇವರಿಗೆ ನಾವು ಕೊಡುವುದರಲ್ಲಿ ಎಷ್ಟು ಭಾಗ ಭಕ್ತಿ, ಎಷ್ಟು ಭಾಗ ಮನೆ ಖಾಲಿ ಮಾಡುವ ಆತುರ ಎಂದು ಯಾರಾದರೂ ತೂಗಿ ನೋಡಬೇಕು. ಕಲ್ಲಿನ ವಿಷಯ ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಕಾಕಾನ ಮಗಳು ಶಬಾನಾ ಅಳತೆ ಟೇಪು ಹಿಡಿದು ಹೊಲಕ್ಕೆ ಬಂದಳು. ಗಂಡನ ಊರು ಕನಕಗಿರಿ ಬಿಟ್ಟು ಬಂದು ಇಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡಿರುವ ಹುಡುಗಿ. ತಂದೆಯ ಜಾಗದಲ್ಲೇ ಎರಡು ಖೋಲಿ ಕಟ್ಟಿಸುತ್ತಿದ್ದಳು. ದಿಮ್ಮಿಯ ಉದ್ದ ಅಳೆದು, ಕೈಯಿಂದ ಸವರಿ, "ಚೌಕಟ್ಟಿಗೆ ಬರೋಬ್ಬರಿ ಆತ್ರಿ ಅಕ್ಕೋರ. ಬೇವಿಗೆ ವರ್ಲಿ ಹುಳ ಹತ್ತೂದಿಲ್ಲ" ಎಂದಳು.

ನಾನು ಹರಕೆಯ ವಿಷಯ ಹೇಳಿದೆ. ಅವಳ ಕೈಯಲ್ಲಿದ್ದ ಟೇಪು ತಾನೇ ಸುತ್ತಿಕೊಂಡು ಒಳಗೆ ಹೋಯಿತು.

"ಅಪ್ಪ ನಿಮ್ಮನ್ನ ಕೇಳಿಲ್ಲೇನ್ರಿ?"

"ಇಲ್ಲಲ್ಲ ತಂಗಿ."

"ಅವತ್ತ ಮಧ್ಯಾಹ್ನ ರೊಟ್ಟಿ ತಿನ್ನೂವಾಗ ಕೇಳ್ತೀನಿ ಅಂದಿದ್ದ. ಊರಾಗಿನ ಎಲ್ಲಾರ ಬಾಗ್ಲಕ್ಕ ಕಟ್ಟಿಗಿ ಕೊಯ್ದಾನ ನಮ್ಮಪ್ಪ. ನಮ್ಮ ಬಾಗ್ಲಕ್ಕ ನಾ ಹುಟ್ಟಿದಾಗಿಂದ ಚಾದರ ಐತಿ. ಈ ಮಳಿಗಾಲಕ್ಕರ ಬಾಗ್ಲಾ ಹಾಕೂಣು ಅಂದ್ರ, ದೇವ್ರು ಅಡ್ಡ ಬಂದ."

ದೇವರು ಅಡ್ಡ ಬಂದಿರಲಿಲ್ಲ. ಬಂದವಳು ನಾನು. ಮರುದಿನ ಕಾಕಾನ ಮನೆಗೆ ಹೋಗಿ, ದಿಮ್ಮಿ ಒಯ್ಯಿರಿ ಎಂದೆ. ಅವರು ಕಿವಿ ಮುಟ್ಟಿಕೊಂಡರು. "ಬ್ಯಾಡ್ರಿ ಅಕ್ಕೋರ. ನನ್ನ ಕಾಲಿನ ಸಲುವಾಗಿ ಹೊತ್ತ ಹರಕಿ. ಅದನ್ನ ನಾನ ಮುರದ್ರ ಹ್ಯಾಂಗ?"

ಮೊಹರಮ್ಮಿನ ಕುಣಿಗೆ ಗುದ್ದಲಿ ಹಾಕುವ ದಿನ ಬೆಳಿಗ್ಗೆ ನಾನು, ಕಾಕಾ, ಶಬಾನಾ ಮೂವರೂ ಮಸೂತಿಗೆ ಹೋದೆವು. ದೇವರ ಸೇವೆ ನೋಡಿಕೊಳ್ಳುವ ಮುಜಾವರ ರಾಜೇಸಾಬ ಅಜ್ಜ ಕಟ್ಟೆಯ ಮೇಲೆ ಕೂತು, ಹಸ್ತದ ಆಕಾರದ ಹಿತ್ತಾಳೆಯ ಪಂಜಾಗಳನ್ನು ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡು, ಒಂದೇ ಪ್ರಶ್ನೆ ಹಾಕಿದರು. "ಅಷ್ಟು ದೊಡ್ಡ ಹರಕಿ ಯಾಕ ಹೊತ್ರಿ ಅಕ್ಕೋರ? ಮಂದಿ ಒಂದು ಹೊರಿ ಬೇಡ್ಕೋತಾರ, ನೀವು ಹೊಲಾನ ಕೊಟ್ರಿ."

ಶಾಲೆಯಲ್ಲಿ ತಪ್ಪು ಮಾಡಿದ ಮಗು ಮೊದಲು ಗೋಡೆ ನೋಡುತ್ತದೆ. ನಾನೂ ಗೋಡೆ ನೋಡಿದೆ. ಆಮೇಲೆ ಹೇಳಿದೆ. "ದಿಮ್ಮಿಗೆ ಆನಿಸಿದ್ದ ಕಲ್ಲು ತಗದಾಕಿ ನಾನ ರೀ ಅಜ್ಜ. ಕುಂದರಾಕಂತ."

ಶಬಾನಾ ನನ್ನನ್ನು ನೋಡಿದಳು. ಆ ನೋಟ ಬರೆಯುವುದು ಕಷ್ಟ. ಕಾಕಾ ಮಾತ್ರ ನಕ್ಕರು.

"ಗೊತ್ತೈತ್ರಿ ಅಕ್ಕೋರ. ತಿರುಗಿ ನೋಡಿದ್ರ ನನ್ನ ಕಲ್ಲಿನ ಮ್ಯಾಲ ಕುಂತೀರಿ."

"ಮತ್ತ ಯಾಕ ಬೈಲಿಲ್ರಿ ಕಾಕಾ?"

"ಯಾರಿಗೆ ಬೈಲಿ? ನನ್ನ ಕಾಲು ಛಲೋ ಇದ್ವು. ನಡಗಾಕ ಹತ್ತಿದ್ದು ನಿಮ್ಮವು."

"ಅಪ್ಪಾ," ಎಂದಳು ಶಬಾನಾ, "ದೇವ್ರು ನಿನ್ನ ಕಾಲು ಉಳಿಸಿದ್ದು ನನ್ನ ಬಾಗ್ಲಾ ಸುಡಾಕೇನು?"

"ಏ ಹುಡುಗಿ, ಸುಮ್ಮನಿರು. ನಿನ್ನ ಬಾಯಿನ ಒಂದು ದೊಡ್ಡ ಬಾಗ್ಲಾ ಐತಿ" ಎಂದರು ಅಜ್ಜ. ಪಂಜಾ ಒರೆಸಿ ಕೆಳಗಿಟ್ಟು, ನನ್ನ ಕಡೆ ತಿರುಗಿದರು. "ನೋಡ್ರಿ, ನಮ್ಮೂರಾಗ ಹರಕಿ ಕಟ್ಟಿಗಿ ಟ್ರ್ಯಾಕ್ಟರನ್ಯಾಗ ಬರೂದಿಲ್ಲ. ಹರಕಿ ಹೊತ್ತಾರು ತಮ್ಮ ತಲಿ ಮ್ಯಾಲ ತರಬೇಕು. ನೀವು ಎಷ್ಟು ಹೊರ್ತೀರಿ, ಅಷ್ಟು ನೀವು ಕೊಟ್ಟಂಗ. ಹೊರಾಕಾಗದ್ದು ನೀವು ಕೊಟ್ಟಿಲ್ಲ, ದೇವ್ರು ತಗೊಂಡಿಲ್ಲ. ಬೇವಿನ ದಿಮ್ಮಿ ಎತ್ತತೀರೇನು?"

"ಇಲ್ರಿ ಅಜ್ಜ."

"ಮತ್ತ ಮುಗೀತು. ಜಾಲಿ ತರ್ರಿ."

ನಾನು ಜಾಲಿ ಹೊತ್ತು ತಂದೆ. ಹೊಲದಿಂದ ಮಸೂತಿಗೆ ಒಂದು ಮೈಲಿ. ಶಾಲೆ ಬಿಟ್ಟ ಮೇಲೆ, ದಿನಕ್ಕೆರಡು ಹೊರೆಯಂತೆ ಆರು ದಿನ. ಶಬಾನಾ ತಲೆಗೆ ಬಟ್ಟೆಯ ಸಿಂಬೆ ಸುತ್ತಿ ಕೊಟ್ಟಳು, ಕಾಕಾ ಹೊರೆ ಎತ್ತಿ ತಲೆಯ ಮೇಲಿಟ್ಟರು. ಹೊರುವುದಕ್ಕೆ ಮಾತ್ರ ಯಾರೂ ಕೈ ಹಚ್ಚುವಂತಿರಲಿಲ್ಲ. ಮೊದಲ ದಿನ ನಾಲ್ಕು ಕಡೆ ಇಳಿಸಿದೆ. ದಾರಿಯಲ್ಲಿ ನನ್ನ ಏಳನೆಯ ತರಗತಿಯ ಹುಡುಗಿಯರು ಸಾಲಾಗಿ ನಿಂತು "ನಮಸ್ತೇ ಟೀಚರ್" ಎಂದರು. ತಲೆಯಾಡಿಸಿದರೆ ಹೊರೆ ಬೀಳುತ್ತದೆ. ಹಾಗಾಗಿ ಹುಬ್ಬು ಎತ್ತಿದೆ. ಜಾಲಿ ಮುಳ್ಳು ಕುತ್ತಿಗೆಯಲ್ಲಿ ಮುರಿಯಿತು; ಅದನ್ನು ನಮ್ಮವರು ಭಾನುವಾರ ಸೂಜಿಯಿಂದ ತೆಗೆದರು. ಬೆಂಕಿ ಹಚ್ಚಿ ಕೈ ತೊಳಕೊ ಎಂದವರೇ ನೋಯದಂತೆ ನಿಧಾನವಾಗಿ ಕಿತ್ತರು. ಹನ್ನೆರಡು ಹೊರೆ ಮುಗಿದಾಗ ಆ ಕಲ್ಲಿನ ಚಿಂತೆ ಹೋಗಿತ್ತು. ಕುತ್ತಿಗೆ ನೋವು ಬಂದು ಅದರ ಜಾಗ ಹಿಡಿದಿತ್ತು.

ಹುಣಸೆಯನ್ನು ಕಡಿಸಲಿಲ್ಲ. ಖಾಟೀಕ ಬೇಸರ ಮಾಡಿಕೊಂಡ. ಉಳಿದ ಜಾಲಿ ಬೊಡ್ಡೆಗಳನ್ನು ಹಳ್ಳದ ಕಡೆ ಬದುವಿಗೆ ಅಡ್ಡ ಮಲಗಿಸಿದ್ದೇವೆ. ಮಳೆಗೆ ಕೊಚ್ಚಿ ಹೋಗುವ ಮಣ್ಣು ಅಲ್ಲಿ ತಡೆದು ನಿಲ್ಲುತ್ತದೆ. ಒಂದರ ಸಂದಿನಲ್ಲಿ ಮುಂಗುಸಿ ಮನೆ ಮಾಡಿದೆ.

ಬೇವು ಶಬಾನಾಳ ಬಾಗಿಲಾಯಿತು. ಹಸಿ ಕಟ್ಟಿಗೆ, ಆರು ತಿಂಗಳು ನೆರಳಿನಲ್ಲಿ ಆರಲಿ ಎಂದು ಬಡಿಗ ಹೇಳಿದ. ಅವಳು ಕೇಳಲಿಲ್ಲ, ಇಪ್ಪತ್ತೇಳು ವರ್ಷ ಚಾದರ ಸರಿಸಿದವಳಿಗೆ ಆರು ತಿಂಗಳು ಹೆಚ್ಚಾಯಿತು. ಮಳೆ ಬಿದ್ದ ಕೂಡಲೇ ಚೌಕಟ್ಟು ಉಬ್ಬಿ, ಬಾಗಿಲು ಹಿಡಿದುಕೊಳ್ಳತೊಡಗಿತು. ಒಬ್ಬರಿಂದ ತೆಗೆಯಲು ಆಗುವುದಿಲ್ಲ. ಹೋದಾಗಲೆಲ್ಲ ನಾನು ಹೊರಗಿನಿಂದ ಭುಜ ಕೊಟ್ಟು ನೂಕುತ್ತೇನೆ. ಒಳಗಿನಿಂದ ಅವಳು, "ತಡೀರಿ ಅಕ್ಕೋರ, ನಾನೂ ಎಳೀತೀನಿ" ಎನ್ನುತ್ತಾಳೆ.