ನನ್ನನ್ನು ಕೇಳದೆ ಕಟ್ಟಿದ ಬಾಜಿ

ನನ್ನ ಗಂಡ ಕಲ್ಲಂಗಡಿ ಹಣ್ಣನ್ನು ಬಹಳ ಚೆನ್ನಾಗಿ ಕುಯ್ಯುತ್ತಾರೆ. ಮೆಲ್ಬರ್ನಿನ ಕ್ರೇಗಿಬರ್ನ್‌ಗೆ ಬಂದ ಮೇಲೆ ಪರಿಚಯವಾದ ಕನ್ನಡದವರೆಲ್ಲ ಇದನ್ನು ಗಮನಿಸಿದ್ದಾರೆ. ಪಿಕ್ನಿಕ್ಕಿನಲ್ಲಿ ಗಂಡಸರೆಲ್ಲ ಬಾರ್ಬೆಕ್ಯೂ ಸುತ್ತ ನಿಂತು ಮಾರ್ಟ್‌ಗೇಜ್ ವಿಷಯ ಮಾತಾಡುತ್ತಿದ್ದರೆ ಇವರು ಚಾಕು ಹಿಡಿದು ಕೂತು ಒಂದೇ ಅಳತೆಯ ಹೋಳು ಮಾಡಿ ತಟ್ಟೆಗೆ ಜೋಡಿಸುತ್ತಾರೆ. "ಅಣ್ಣ, ಎಲ್ಲಿ ಕಲಿತ್ರಿ ಇದನ್ನ?" ಎಂದು ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಅವರು ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ.

ಆಗ ನಾವು ಸಿಡ್ನಿಯ ಲಿವರ್‌ಪೂಲ್‌ನಲ್ಲಿದ್ದೆವು. ಇವರು ದಿನಾ ಟ್ರೈನು ಹಿಡಿದು ಸಿಟಿಯ ಕಂಪ್ಯೂಟರ್ ಕೆಲಸಕ್ಕೆ ಹೋಗುವರು, ನಾನು ಆಸ್ಪತ್ರೆಯಲ್ಲಿ ವಾರ್ಡ್ ಕ್ಲರ್ಕ್. ಭಾನುವಾರ ಬಂತೆಂದರೆ ನಮ್ಮ ಕಡೆಯ ಗಂಡಸರು ಸೇರಿ ಕೌನ್ಸಿಲ್‌ನ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಮೈದಾನ ಬುಕ್ ಮಾಡುತ್ತಿದ್ದುದು ಎಲ್ಲ ಮನೆಗಳ ಚಂದಾದಿಂದ. ಆದರೂ ಆಟ ಅವರದು, ಚಿತ್ರಾನ್ನ ಮತ್ತು ಕಲ್ಲಂಗಡಿ ನಮ್ಮದು. ಮೈಸೂರಿನ ಕಾಲೇಜಿನಲ್ಲಿ ಆಫ್ ಸ್ಪಿನ್ ಹಾಕುತ್ತಿದ್ದವಳು ನಾನು. ಮದುವೆಯಾದ ಮೇಲೆ ಚೆಂಡು ಮುಟ್ಟಿದ್ದು ಪೊದೆಯೊಳಗೆ ಬಿದ್ದಾಗ ಎತ್ತಿ ಕೊಡಲು ಮಾತ್ರ.

ಇದನ್ನು ತಪ್ಪಿಸಿದವಳು ನಮ್ಮ ವಾರ್ಡಿನ ನರ್ಸ್ ಒಬ್ಬಳು. ಪೂರ್ವ ಆಫ್ರಿಕಾದವಳು. ಅವಳ ದೇಶದ ಹೆಸರು ಬರೆಯುವುದಿಲ್ಲ, ಬರೆದರೆ ಯಾರೆಂದು ಗೊತ್ತಾಗಿಬಿಡುತ್ತದೆ. ಆ ದೇಶದ ತಂಡಕ್ಕೆ ಅವಳು ವಿಕೆಟ್ ಕೀಪರ್. ಒಂದು ಭಾನುವಾರ ಮೈದಾನದ ಪಕ್ಕ ನಡೆದು ಹೋಗುತ್ತಿದ್ದವಳು ನನ್ನನ್ನು ಕಂಡು ಬಂದಳು. ನಾನು ಹಣ್ಣು ಕುಯ್ಯುತ್ತಿದ್ದೆ. "ನೀನು ಯಾಕೆ ಆಡುತ್ತಿಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟು ವರ್ಷ ಅಲ್ಲಿ ಕೂತಿದ್ದ ನಮ್ಮಲ್ಲಿ ಯಾರೂ ಒಬ್ಬರನ್ನೊಬ್ಬರು ಕೇಳಿಕೊಳ್ಳದ ಪ್ರಶ್ನೆ ಅದು.

ಹಾಗೆ ನಮ್ಮ ತಂಡ ಶುರುವಾಯಿತು. ಬೆಂಗಳೂರಿನವರು, ಮಂಗಳೂರಿನ ಇಬ್ಬರು ಕೊಂಕಣಿ ಅಕ್ಕತಂಗಿಯರು, ನಾನು, ಅವಳು. ಆದರೆ ಆಡಲು ಸಿಕ್ಕಿದ್ದು ಕಾರು ನಿಲ್ಲಿಸುವ ಜಾಗದ ಪಕ್ಕದ ಇಳಿಜಾರು ಮೂಲೆ. ಅಲ್ಲಿ ನಾನು ಯಾವ ಕಡೆ ತಿರುಗಿಸಿ ಹಾಕಿದರೂ ಚೆಂಡು ಚರಂಡಿಯ ಕಡೆಗೇ ತಿರುಗುತ್ತಿತ್ತು. ನಮಗೆ ಬೇಕಾಗಿದ್ದುದು ಭಾನುವಾರ ಬೆಳಿಗ್ಗೆ, ಮೈದಾನದ ನಡುವಿನ ಪಿಚ್. ಕೇಳಿದಾಗಲೆಲ್ಲ ನಮ್ಮವರ ಕ್ರಿಕೆಟ್ ಸಮಿತಿಯ ಕಾರ್ಯದರ್ಶಿಗಳು, "ನೋಡೋಣ ಮೇಡಂ, ನೆಕ್ಸ್ಟ್ ಸಮ್ಮರ್ ನೋಡೋಣ" ಎನ್ನುತ್ತಿದ್ದರು. ನೋಡೋಣ ಎಂದರೆ ಇಲ್ಲ ಎಂದೇ ಅರ್ಥವೆಂದು ಮೈಸೂರಿನಲ್ಲಿ ಹುಟ್ಟಿದವಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷ ಚಳಿಗಾಲದ ಕೊನೆಯಲ್ಲಿ ಅವಳು ರಜೆ ಹಾಕಿ ಆಫ್ರಿಕಾಕ್ಕೆ ಹೋದಳು. ಅಲ್ಲಿನ ದೇಶಗಳ ಹೆಂಗಸರ ತಂಡಗಳಿಗೆ ಅರ್ಹತಾ ಪಂದ್ಯಾವಳಿ. ವಿಶ್ವಕಪ್ಪಿನ ದಾರಿಯಲ್ಲಿ ಅದು ಮೊದಲ ಮೆಟ್ಟಿಲು. ಸೆಮಿಫೈನಲ್ ಗೆದ್ದ ಎರಡು ತಂಡಗಳಿಗೆ ಮಾತ್ರ ಮುಂದಿನ ಸುತ್ತು, ಉಳಿದವರು ಮನೆಗೆ.

ಅವಳು ಹೋದ ವಾರವೇ ನಮ್ಮವರ ಬಾರ್ಬೆಕ್ಯೂ ಇತ್ತು. ನಾನು ಅಭಿಮಾನದಿಂದ ಅವಳ ವಿಷಯ ಹೇಳಿದೆ. ಕಾರ್ಯದರ್ಶಿಗಳು ಹುಬ್ಬು ಹಾರಿಸಿದರು.

"ಆಫ್ರಿಕಾಗೂ ಲೇಡೀಸ್ ಟೀಮ್ ಇದ್ಯಾ?"

"ಆಫ್ರಿಕಾ ಅಂತ ಒಂದು ಟೀಮ್ ಇಲ್ಲ ಸರ್. ಅದರಲ್ಲಿ ಸುಮಾರು ದೇಶ ಇದಾವೆ" ಎಂದೆ.

"ಏನೋಪ್ಪ. ಕ್ವಾಲಿಫೈ ಆಗೋದಂತೂ ಡೌಟು."

ನನ್ನ ಗಂಡನಿಗೆ ರೋಷ ಬಂತು. ಬರುವುದು ಅಪರೂಪ, ಬಂದಾಗ ಮಾತು ಅವರ ಹಿಡಿತದಲ್ಲಿ ಇರುವುದಿಲ್ಲ. "ಆಗೇ ಆಗ್ತಾರೆ. ಬೆಟ್ ಕಟ್ತೀರಾ?" ಎಂದರು.

"ಏನು ಬೆಟ್ಟು?"

"ಕ್ವಾಲಿಫೈ ಆದ್ರೆ ಸಮ್ಮರ್ ಪೂರ್ತಿ ಭಾನುವಾರ ಬೆಳಿಗ್ಗೆ ಪಿಚ್ ಲೇಡೀಸ್‌ಗೆ."

"ಆಗ್ದಿದ್ರೆ?"

"ಆಗ್ದಿದ್ರೆ ಅವರು ಇನ್ನು ಪಿಚ್ ಕೇಳೋದೇ ಇಲ್ಲ. ಆ ಮೂಲೇಲೇ ಆಡ್ಕೋತಾರೆ."

ಇಬ್ಬರೂ ಕೈ ಕುಲುಕಿದರು. ಆಮೇಲೆ ಇವರು ನನಗೆ ರೇಷ್ಮೆ ಸೀರೆ ತಂದುಕೊಟ್ಟವರ ಹಾಗೆ ನನ್ನತ್ತ ನೋಡಿದರು. ನನ್ನ ಕೈಯಲ್ಲಿ ಚಾಕು ಇತ್ತು. ಕೋಪ ನೆತ್ತಿಗೇರಿತ್ತು. ಅಷ್ಟು ಜನರ ಎದುರು ಗಂಡನ ಮಾತು ತೆಗೆದುಹಾಕುವುದು ಹೇಗೆ ಎನ್ನುವ ಹಾಳು ಸಂಕೋಚ ನಾಲಿಗೆ ಕಟ್ಟಿತು. ಕಾರಿನಲ್ಲಿ ಬಿಚ್ಚಿಕೊಂಡಿತು.

"ನಿನ್ನ ಪರವಾಗೇ ಅಲ್ವಾ ಕಟ್ಟಿದ್ದು?" ಎಂದರು.

"ನನ್ನ ಮೇಲೆ ಬಾಜಿ ಕಟ್ಟೋಕೆ ನಾನೇನು ರೇಸ್ ಕುದುರೇನಾ? ರೀ, ಒಂದು ಮಾತು ಕೇಳೋಕೆ ಬಾಯಿಗೆ ಏನಾಗಿತ್ತು?"

ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ಇದ್ದರು. ಮಂಡ್ಯದ ಕಡೆಯವರು, ವಿಸಿಟರ್ ವೀಸಾದಲ್ಲಿ ಬಂದಿದ್ದರು. ಅವರಿಗೆ ಕ್ರಿಕೆಟ್ ಗೊತ್ತಿರಲಿಲ್ಲ, ಆದರೆ ಕೀಪರ್ ಗೊತ್ತಿದ್ದಳು. ಒಮ್ಮೆ ಊಟಕ್ಕೆ ಬಂದಿದ್ದವಳು ರಾಗಿಮುದ್ದೆಯನ್ನು ಬೆರಳಲ್ಲಿ ಮುರಿದು, ಗುಳಿ ಮಾಡಿ, ಬಸ್ಸಾರು ತುಂಬಿಸಿಕೊಂಡು ಉಂಡಿದ್ದಳು. ಅವಳ ದೇಶದಲ್ಲಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಇಂಥದ್ದೇ ಮಾಡುತ್ತಾರಂತೆ. ನನ್ನ ಮಗಳು ಪಿಜ್ಜಾ ಕೇಳಿ ಅಳುತ್ತಿದ್ದ ದಿನ ಅದು. ಅತ್ತೆ ಅವತ್ತಿನಿಂದ ಅವಳನ್ನು "ಮುದ್ದೆ ಉಂಬೋ ಮಗ" ಎಂದೇ ಕರೆಯುತ್ತಿದ್ದರು.

ಅವಳ ತಂಡ ಸೆಮಿಫೈನಲ್ ತಲುಪಿತು. ಅಲ್ಲಿ ಬೆಳಿಗ್ಗೆಯ ಪಂದ್ಯ, ನಮಗೆ ಸಂಜೆ. ನಮ್ಮ ತಂಡದವರೆಲ್ಲ ನಮ್ಮ ಯೂನಿಟ್ಟಿನಲ್ಲಿ, ಅಂದರೆ ಫ್ಲಾಟಿನಲ್ಲಿ, ಟಿವಿಯ ಮುಂದೆ ಕೂತೆವು. ಎದುರಾಳಿಯ ಬ್ಯಾಟಿಂಗ್ ಮುಗಿದು ಅವಳ ತಂಡದ ಸರದಿ ಬಂತು. ವಿಕೆಟ್ಟುಗಳು ಒಂದರ ಹಿಂದೆ ಒಂದು ಬಿದ್ದವು, ನಮ್ಮ ಕೀಪರ್ ಒಬ್ಬಳೇ ಭದ್ರವಾಗಿ ನಿಂತಳು. ಕಾಮೆಂಟರಿ ಹೇಳುವವನು ಅವಳನ್ನು ಹೊಗಳಿದ್ದೇ ತಡ, ಅತ್ತೆ ಎದ್ದರು. "ಹಂಗೆಲ್ಲ ಬಾಯ್ಬುಟ್ಟು ಹೊಗಳ್ಬಾರ್ದು. ಕಣ್ಣಾಯ್ತದೆ" ಎನ್ನುತ್ತ ಅಡುಗೆಮನೆಯಿಂದ ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ತಂದು ಟಿವಿಗೆ ನಿವಾಳಿಸಿದರು. ಮಂಗಳೂರಿನ ಅಕ್ಕ, "ನಮ್ಮ ಮನೆಯಲ್ಲೂ ದೃಷ್ಟಿ ತೆಗೀತಾರೆ ಆಂಟಿ, ಪಾದ್ರಿಗೆ ಹೇಳುವುದಿಲ್ಲ ಅಷ್ಟೇ" ಎಂದು ನಕ್ಕಳು. ಊರಲ್ಲಾಗಿದ್ದರೆ ಅದನ್ನು ಒಲೆಯ ಕೆಂಡಕ್ಕೆ ಹಾಕುತ್ತಿದ್ದರು. ಇಲ್ಲಿ ಕೆಂಡ ಎಲ್ಲಿಯದು? ಕಾದ ಹಂಚಿಗೆ ಸುರಿದರು.

ನಮ್ಮ ಯೂನಿಟ್ಟಿನ ಸ್ಮೋಕ್ ಅಲಾರಂ ಕೂಗಿತು. ಅದರ ಹಿಂದೆಯೇ ಇಡೀ ಕಟ್ಟಡದ ಅಲಾರಂ. ಪಂದ್ಯಕ್ಕೆ ಇನ್ನು ಸ್ವಲ್ಪವೇ ಓವರ್ ಬಾಕಿ ಇರುವಾಗ ನಾವೆಲ್ಲ ಮೆಟ್ಟಿಲಿಳಿದು ಕಾರ್ ಪಾರ್ಕಿಗೆ ಬಂದೆವು. ಕೆಳಗಿನ ಮನೆಯ ಇರಾಕಿನ ತಾತ ಕಂಬಳಿ ಹೊದ್ದು ಬಂದರು, ಫಿಜಿಯ ಕುಟುಂಬ ಊಟದ ತಟ್ಟೆ ಹಿಡಿದೇ ಬಂತು. ನಾನು ಫೋನನ್ನು ಯಾರದೋ ಕಾರಿನ ಬಾನೆಟ್ ಮೇಲೆ ನಿಲ್ಲಿಸಿದೆ. ಫೈರ್ ಎಂಜಿನ್ ಬಂದು ಇಬ್ಬರು ಮೇಲೆ ಹೋಗಿ, ಹಂಚು ನೋಡಿ, ಕೆಳಗೆ ಬಂದರು. ಒಬ್ಬ ಹೆಲ್ಮೆಟ್ ತೆಗೆದು ನಮ್ಮ ಜೊತೆ ಬಗ್ಗಿ ಫೋನು ನೋಡತೊಡಗಿದ.

"ಅಮ್ಮಾ, ನೀಡ್ ನೈನ್ ಆಫ್ ದ ಲಾಸ್ಟ್ ಓವರ್" ಎಂದಳು ಮಗಳು, ಎಂದಿನಂತೆ ಇಂಗ್ಲಿಷಿನಲ್ಲೇ.

ಕೊನೆಯ ಎಸೆತಕ್ಕೆ ಗೆಲ್ಲಲು ಮೂರು ಬೇಕಾಯಿತು. ಬ್ಯಾಟ್ ಹಿಡಿದಿದ್ದವಳು ನಮ್ಮ ಕೀಪರ್. ಚೆಂಡನ್ನು ದೂರ ಹೊಡೆದಳು, ಒಂದು ರನ್ ಓಡಿದಳು, ಎರಡನೆಯದಕ್ಕೆ ತಿರುಗಿದಳು. ಫೀಲ್ಡರ್ ಎಸೆದ ಚೆಂಡು ನೇರವಾಗಿ ಬಂತು. ಅವಳು ಉದ್ದಕ್ಕೆ ಜಿಗಿದು ಬಿದ್ದಳು, ಅಷ್ಟರಲ್ಲಿ ಬೇಲ್ಸ್ ಹಾರಿದ್ದವು. ಒಂದೇ ಒಂದು ರನ್ನಿನ ಸೋಲು. ಧೂಳಿನಲ್ಲಿ ಸ್ವಲ್ಪ ಹೊತ್ತು ಮಲಗಿದ್ದವಳು ಎದ್ದು, ಎದುರಾಳಿಗಳ ಕೈ ಕುಲುಕಿ, ಅಳುತ್ತಿದ್ದ ಜೊತೆಗಾತಿಯನ್ನು ಹಿಡಿದುಕೊಂಡು ಹೊರಟಳು. ನನಗೆ ಅಳು ಬಂದುಬಿಟ್ಟಿತು. ಇರಾಕಿನ ತಾತನಿಗೆ ಯಾರು ಯಾರೆಂದೂ ಗೊತ್ತಿರಲಿಲ್ಲ, ನನ್ನ ಬೆನ್ನು ತಟ್ಟಿದರು.

"ಘಾಟೇ ಬರ್ನಿಲ್ಲ ಕಣವ್ವ" ಎಂದರು ಅತ್ತೆ. "ಘಾಟು ಬರ್ನಿಲ್ಲ ಅಂದ್ರೆ ಎಂಥ ಕಣ್ಣು ಬಿದ್ದಿರ್ಬೇಕು."

ನಾವು ಮನೆಯೊಳಗೆ ಹೋಗುವ ಮೊದಲೇ ಕಾರ್ಯದರ್ಶಿಗಳ ವಾಟ್ಸಾಪ್ ಬಂದಿತ್ತು. "ಬ್ಯಾಡ್ ಲಕ್ ಲೇಡೀಸ್. ಮಾತು ಅಂದ್ರೆ ಮಾತು." ಕೆಳಗೊಂದು ನಗುವ ಮುಖ. ಇವರು ತಲೆ ತಗ್ಗಿಸಿ, "ನಾನು ಮಾತು ಕೊಟ್ಟುಬಿಟ್ಟಿದ್ದೀನಿ" ಎಂದರು. ನಮ್ಮ ತಂಡದಲ್ಲೂ ಒಬ್ಬಿಬ್ಬರು, ಹೋಗಲಿ ಬಿಡಿ, ಮೂಲೆಯಲ್ಲೇ ಆಡೋಣ ಎಂದರು. ಹೋಗಲಿ ಬಿಡಿ ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವಳು ವಾಪಸು ಬಂದ ಮೇಲೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎಲ್ಲವನ್ನೂ ಹೇಳಿದೆ. ಮೊಣಕೈಯ ತರಚು ಗಾಯಕ್ಕೆ ಬ್ಯಾಂಡೇಜ್ ಇತ್ತು. ಕಾಫಿ ಕೆಳಗಿಟ್ಟು ಕೇಳಿದಳು.

"ನಿನ್ನ ಗಂಡ ನಿನ್ನನ್ನು ಕೇಳಿದನಾ?"

"ಇಲ್ಲ."

"ನನ್ನನ್ನು?"

"ಇಲ್ಲ."

"ಹಾಗಾದರೆ ಸರಿಯಾಗಿ ಕೇಳಿಸಿಕೋ. ನಾನು ಸೋತದ್ದು ಸೆಮಿಫೈನಲ್. ಹತ್ತು ವರ್ಷ ಅದಕ್ಕೆ ಕೊಟ್ಟಿದ್ದೇನೆ. ಆ ಸೋಲು ನನ್ನದು, ನನ್ನ ತಂಡದ್ದು. ಪಾರ್ಕಿನಲ್ಲಿ ಸಾಸೇಜ್ ತಿನ್ನುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ. ಭಾನುವಾರ ಎಷ್ಟು ಗಂಟೆಗೆ ಬರಲಿ?"

ಬೇಸಿಗೆಯ ಮೊದಲ ಭಾನುವಾರ ನಾವು ಬೇಗ ಹೋಗಿ ನಡುವಿನ ಪಿಚ್‌ನಲ್ಲಿ ಸ್ಟಂಪ್ ನೆಟ್ಟೆವು. ನಮ್ಮ ಗಂಡಸರು ಎಂಟು ಗಂಟೆಯ ಆಟಕ್ಕೆ ಒಂಬತ್ತೂವರೆಗೆ ಬರುವ ಪೈಕಿ. ಬಂದು ನೋಡಿ ದಂಗಾದರು. ಕಾರ್ಯದರ್ಶಿಗಳು ನಗುತ್ತಲೇ ಬಂದರು, ಆದರೆ ಆ ನಗುವಿನಲ್ಲಿ ನಗು ಇರಲಿಲ್ಲ.

"ಏನ್ ಮೇಡಂ ಇದು? ಬೆಟ್ ಸೋತಿದ್ದೀರಲ್ಲ."

"ನಾನು ಕಟ್ಟಿಲ್ಲ ಸರ್" ಎಂದೆ. "ನಾವ್ಯಾರೂ ಕಟ್ಟಿಲ್ಲ."

"ನಿಮ್ಮ ಹಸ್ಬೆಂಡು ನಿಮ್ಮ ಪರವಾಗಿ ಕೈ ಕೊಟ್ಟಿದ್ದಾರೆ. ಕೇಳಿ ಬೇಕಾದ್ರೆ."

ಎಲ್ಲರೂ ಇವರನ್ನು ನೋಡಿದರು. ಇವರು ಪ್ಯಾಡ್ ಕಟ್ಟಿಕೊಂಡು, ಬ್ಯಾಟ್ ಹಿಡಿದು, ಅಲ್ಲೂ ಸೇರದೆ ಇಲ್ಲೂ ಸೇರದೆ ನಿಂತಿದ್ದರು. ಮರದ ಕೆಳಗೆ ಮಡಚುವ ಕುರ್ಚಿಯಲ್ಲಿ, ಸೀರೆಯ ಮೇಲೆ ಸ್ವೆಟರ್ ಹಾಕಿ ಕೂತಿದ್ದ ಅತ್ತೆ ಅಲ್ಲಿಂದಲೇ ಕರೆದರು.

"ಲೋ ಮಗ, ಬಾರ್ಲಾ ಇಲ್ಲಿ. ಆ ಹುಡ್ಗೀನ ಒಂದು ಮಾತು ಕೇಳಿ ಕಟ್ಟಿದ್ಯಾ?"

"ಇಲ್ಲ ಅವ್ವ."

"ನಿನ್ನ ಹೆಂಡ್ರುನ್ನ ಕೇಳಿದ್ಯಾ?"

"ಇಲ್ಲ."

"ಹೆಂಡ್ರುನ್ನ ಪಣಕ್ಕಿಟ್ಟು ಸೋಲೋದು ನಮ್ಮೋರ್ಗೇನು ಹೊಸ್ದಲ್ಲ ಬುಡು. ಹಂಗಂತ ಕೊಟ್ಟ ಮಾತು ತಪ್ಬ್ಯಾಡ, ನಮ್ಮ ಮನೇಲಿ ಅದಿಲ್ಲ. ಕಟ್ಟಿದೋನು ನೀನು, ಸೋತೋನೂ ನೀನು. ಆಟ ಬುಡೋನೂ ನೀನೇ. ತಗೆ ಆ ಪ್ಯಾಡು."

ಕಾರ್ಯದರ್ಶಿಗಳು ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅವರ ಕಡೆ ತಿರುಗಿ, "ನೀನೂವೆ ಅವಳನ್ನ ಕೇಳ್ನಿಲ್ಲ ತಾನೆ?" ಎಂದರು. ಅವರು ಬಾಯಿ ಮುಚ್ಚಿದರು. ಅವತ್ತು ಬೆಳಿಗ್ಗೆ ಗಂಡಸರು ಕಾರುಗಳ ಪಕ್ಕದ ಇಳಿಜಾರಿನಲ್ಲಿ ಆಡಿದರು. ಚೆಂಡು ಚರಂಡಿಗೆ ಬಿದ್ದಾಗಲೆಲ್ಲ ಅವರೇ ಎತ್ತಿಕೊಂಡರು. ಮುಂದಿನ ವಾರ ಸಮಿತಿಯಲ್ಲಿ ದೊಡ್ಡ ಜಗಳವಾಯಿತು. ನಾವೂ ಚಂದಾ ಕೊಟ್ಟವರು, ಜಗಳಕ್ಕೆ ನಾವೂ ಹೋದೆವು, ಪಿಚ್ ಬಿಡಲಿಲ್ಲ.

ಆ ಭಾನುವಾರ ಇವರು ಪ್ಯಾಡ್ ಬಿಚ್ಚಿ, ಬ್ಯಾಟನ್ನು ಮರಕ್ಕೆ ಒರಗಿಸಿ, ಅತ್ತೆಯ ಪಕ್ಕ ನೆಲದ ಮೇಲೆ ಕೂತು ಕಲ್ಲಂಗಡಿ ಮುಂದಕ್ಕೆಳೆದುಕೊಂಡರು. ಹೋಳುಗಳು ಒಂದು ಹೆಬ್ಬೆಟ್ಟಿನಷ್ಟು, ಒಂದು ಇಟ್ಟಿಗೆಯಷ್ಟು. ಆ ಬೇಸಿಗೆ ಪೂರ್ತಿ ಅವರು ಬ್ಯಾಟ್ ಮುಟ್ಟಲಿಲ್ಲ. ಯಾರೂ ಕಾವಲು ಕೂತಿರಲಿಲ್ಲ, ತಾವೇ ಮುಟ್ಟಲಿಲ್ಲ. ಅದಕ್ಕೇ ಅವರು ಒಳ್ಳೆಯವರು ಎನ್ನುವುದು.

ನಾನು ಚೆಂಡು ಹಿಡಿದು ರನ್ ಅಪ್ ಗುರುತು ಮಾಡಿಕೊಂಡೆ. ಅವಳು ಸ್ಟಂಪಿನ ಹಿಂದೆ ಗ್ಲೌಸ್ ಹಾಕಿಕೊಳ್ಳುತ್ತಿದ್ದಳು. ಮೊಣಕೈಯ ಗಾಯದ ಜಾಗದಲ್ಲಿ ಕಪ್ಪು ಕಲೆ ಉಳಿದಿತ್ತು.

"ಮುಂದಿನ ಸಲ ಮತ್ತೆ ಹೋಗುತ್ತೀಯಾ?" ಎಂದು ಕೇಳಿದೆ.

"ಮತ್ತೇನು? ಆ ಎರಡನೇ ರನ್ನಿಗೆ ಇನ್ನೂ ಬೇಗ ತಿರುಗುತ್ತೇನೆ" ಎಂದು ಮಂಡಿ ಬಗ್ಗಿಸಿ ಕೂತಳು. "ಮಾತು ಸಾಕು, ಹಾಕು."

ಹಾಕಿದೆ.