ಹೆಸರು ಮಾತ್ರ ಬದಲಾಗುವುದು

ಸಫಿಯಾಳಿಗೆ ನಾನು ಸುಳ್ಳು ಹೇಳಿದೆ. ಗೊತ್ತಿಲ್ಲದೆ ಅಲ್ಲ — ಎಲ್ಲ ಗೊತ್ತಿದ್ದೇ ಹೇಳಿದೆ.

ಆಗ ನಾನು ಕರಾವಳಿಯ ಒಂದು ಸಣ್ಣ ಊರಿನ ಖಾಸಗಿ ರೇಡಿಯೊ ಕೇಂದ್ರದಲ್ಲಿ ಎಂಜಿನಿಯರ್. ಸಫಿಯಾ ಬೆಳಗಿನ ನಿರೂಪಕಿ. ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಮನೆ ಕೂಗಳತೆಯಲ್ಲಿದ್ದುದರಿಂದ ಹಾಡು ಹಾಕಿ, ಓಡಿ ಹೋಗಿ ತಾಯಿಗೆ ಗಂಜಿ ಕುಡಿಸಿ ಬರುತ್ತಿದ್ದಳು.

ರೇಡಿಯೊ ಲೈಸೆನ್ಸ್ ಕೊಡುವುದು ಒಂದು ಊರಿನ ಹೆಸರಿಗೆ. ಆ ಊರಿಗೆ ಸ್ಪಷ್ಟವಾಗಿ ಕೇಳಿಸಲೇಬೇಕು. ಹಾಗಾಗಿ ಟವರನ್ನು ದೂರ ಒಯ್ಯುವಂತಿಲ್ಲ. ಆದರೆ ಜಾಹೀರಾತು ಕೊಡುವ ಬಂಗಾರದಂಗಡಿ, ಬಟ್ಟೆಯಂಗಡಿಗಳೆಲ್ಲ ಇರುವುದು ಮಂಗಳೂರಿನಲ್ಲಿ. ಲೈಸೆನ್ಸಿನಲ್ಲಿ ಊರಿನ ಹೆಸರು ಬದಲಾದರೆ ಟವರೂ ಅಲ್ಲಿಯ ಗುಡ್ಡಕ್ಕೆ ಹೋಗಬಹುದು. ನಮ್ಮ ಮಾಲೀಕರಿಗೆ ಬೇಕಾದದ್ದು ಅದೇ. ಊರವರಿಂದ ತಕರಾರು ಬಾರದಂತೆ ನೋಡಿಕೊಂಡರೆ ಮಂಗಳೂರಿನ ಕೇಂದ್ರಕ್ಕೆ ನೀನೇ ಮುಖ್ಯಸ್ಥ ಎಂದರು.

ಊರವರು ನನ್ನ ಮಾತು ಕೇಳುವವರಲ್ಲ. ಸಫಿಯಾ ಹೇಳಿದರೆ ನಂಬುತ್ತಾರೆ. ಒಂದು ಬೆಳಿಗ್ಗೆ, ಅವಳು ಮನೆಯಿಂದ ತಂದ ನೀರುದೋಸೆ ತಿನ್ನುತ್ತಲೇ ಲೈಸೆನ್ಸಿನಲ್ಲಿ ಊರಿನ ಹೆಸರು ಬದಲಾಗುವ ವಿಷಯ ತೆಗೆದೆ. ಅವಳು ಕೇಳಿದ್ದು ಇಷ್ಟೇ:

"ಸರ್, ಸ್ಟೇಷನ್ ಎಲ್ಲಿಗೂ ಹೋಗುದಿಲ್ಲ ಅಲ್ವಾ? ಉಮ್ಮನನ್ನು ಬಿಟ್ಟು ನನಗೆ ಮಂಗಳೂರಿಗೆಲ್ಲ ಬರ್ಲಿಕ್ಕೆ ಆಗುದಿಲ್ಲ."

"ಹೆಸರು ಮಾತ್ರ ಚೇಂಜ್ ಆಗುದು ಮಾರಾಯ್ತಿ. ಮತ್ತೆಲ್ಲ ಹೀಗೇ ಇರ್ತದೆ."

ಅದನ್ನೇ ಅವಳು ಮೈಕಿನಲ್ಲಿ ಊರಿಗೆಲ್ಲ ಹೇಳಿದಳು. ಊರು ಸುಮ್ಮನಾಯಿತು. ಅಷ್ಟೇ ಆಗಿದ್ದರೆ... ಇಲ್ಲ. ನನ್ನ ಮಾತು ನಂಬಿ, ಊರ ಶಾಲೆಯಲ್ಲಿ ಸಿಕ್ಕಿದ್ದ ಕೆಲಸವನ್ನೂ ಬೇಡವೆಂದಳು. ಅದೂ ನನಗೆ ಗೊತ್ತಿತ್ತು — ಬಾಯಿ ಬಿಡಲಿಲ್ಲ. ಮುಂದಿನ ಮಳೆಗಾಲದೊಳಗೆ ಟವರ್ ಬಿಚ್ಚಿದರು. ನಾನು ಬಡ್ತಿ ಹಿಡಿದು ಹೊರಟೆ. ಸಫಿಯಾ ಉಳಿದಳು, ಕೆಲಸವಿಲ್ಲದೆ, ಊರವರ ಬಾಯಿಗೆ ಸಿಕ್ಕು. "ನೀನೇ ಹೇಳಿದ್ದಲ್ವಾ" ಎಂದು ಮೀನು ಮಾರುವವರೂ ಅವಳನ್ನು ನಿಲ್ಲಿಸಿ ಕೇಳುತ್ತಿದ್ದರಂತೆ. ಉಂಡ ಮನೆಗೆ ಎರಡು ಬಗೆಯುವುದು ಎನ್ನುತ್ತಾರಲ್ಲ, ನಾನು ಮಾಡಿದ್ದು ಅದನ್ನೇ.

ಮುಗಿದ ಕಥೆ ಎಂದುಕೊಂಡು, ಮುಂದೆ ಮಂಗಳೂರನ್ನೂ ಬಿಟ್ಟು ಕತಾರಿಗೆ ಬಂದು, ದೋಹಾದಲ್ಲಿ ವರ್ಷಗಳನ್ನು ಕಳೆದೆ. ಕಳೆದ ವಾರ ಇಲ್ಲಿಯ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅಂಗಡಿಯಲ್ಲಿ ಕುಚ್ಚಲಕ್ಕಿ ಚೀಲ ಎತ್ತುತ್ತಿದ್ದಾಗ ಹಿಂದಿನಿಂದ "ಸರ್" ಎಂಬ ದನಿ — ತಿರುಗುವ ಮೊದಲೇ ಗುರುತು ಸಿಕ್ಕಿತು. ಉಮ್ಮ ತೀರಿಕೊಂಡ ಮೇಲೆ ಮದುವೆಯಾಗಿ ಬಂದಳಂತೆ. ಗಂಡನಿಗೆ ಹಮದ್ ಬಂದರಿನಲ್ಲಿ ಕೆಲಸ. "ಆಮೇಲೆ ಮೈಕ್ ಮುಟ್ಟಲಿಲ್ಲ ಸರ್" ಎಂದು ನಕ್ಕಳು. ನನ್ನ ಮುಖ ಕಪ್ಪಿಟ್ಟದ್ದನ್ನು ಕಂಡೋ ಏನೋ, ಪಕ್ಕದಲ್ಲಿದ್ದ ಗಂಡನಿಗೆ ಅವಳೇ ಹೇಳಿದಳು:

"ಇವರಿಗೂ ಮೋಸ ಮಾಡಿದ್ರು, ಗೊತ್ತುಂಟಾ. ಪಾಪ, ಸರ್‌ಗೆ ಏನೂ ಗೊತ್ತೇ ಇರ್ಲಿಲ್ಲ."

ನಾನು — ಹೌದೆಂದು ತಲೆಯಾಡಿಸಿದೆ.

ಥೂ, ನನ್ನ ಜನ್ಮಕ್ಕೆ. ಮೊದಲ ಸುಳ್ಳಿಗೆ ಬಡ್ತಿಯ ಆಸೆಯಾದರೂ ಇತ್ತು, ಇದಕ್ಕೇನಿತ್ತು? ಅವಳ ಕಣ್ಣಿನಲ್ಲಿ ಒಳ್ಳೆಯವನಾಗಿ ಉಳಿಯುವ ಚಪಲ. ಅಂದಿನಿಂದ ನಾಚಿಕೆಯಿಂದ ಕನ್ನಡಿ ನೋಡುವುದೂ ಕಷ್ಟವಾಗಿದೆ.

ಈ ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಊಟಕ್ಕೆ ಕರೆದಿದ್ದಾರೆ. "ನೀರುದೋಸೆ ಮಾಡ್ತೇನೆ ಸರ್, ನಿಮಗೆ ಇಷ್ಟ ಅಲ್ವಾ" ಎಂದಳು. ಹೋಗುತ್ತೇನೆ. ಬಡಿಸುವ ಮೊದಲೇ, ಗಂಡನ ಎದುರಿನಲ್ಲೇ ಹೇಳುತ್ತೇನೆ — ನನಗೆ ಗೊತ್ತಿತ್ತು ಸಫಿಯಾ. ಆಮೇಲೆ ಉಣ್ಣಲು ಕೂರಿಸುವುದೋ ಬಾಗಿಲು ತೋರಿಸುವುದೋ ಅವಳಿಗೆ ಬಿಟ್ಟದ್ದು.