ಮಾನಿಟರ್ ಅಲ್ಲದವುಗಳ ಪಟ್ಟಿ

ಕಚೇರಿಯಲ್ಲಿ ಎಲ್ಲರೂ ಅವರನ್ನು ಪಟ್ಟಿ ಮಾಮ ಎನ್ನುತ್ತಾರೆ. ತಲೆಗೆ ಕಟ್ಟಿಕೊಂಡು ನೋಡುವ ಹೆಡ್‌ಸೆಟ್ಟಿನ ಕೇಬಲ್ಲನ್ನು ಕಂಪ್ಯೂಟರಿಗೆ ಚುಚ್ಚಿದರೆ ಸಾಕು, ಅದು ಹೆಡ್‌ಸೆಟ್ಟನ್ನೂ ಮೇಜಿನ ಮೇಲಿನ ಇನ್ನೊಂದು ಮಾನಿಟರ್ ಎಂದೇ ನಂಬಿ, ತೆರೆದಿಟ್ಟ ಕಾಗದಪತ್ರಗಳನ್ನೆಲ್ಲ ಮೂಗಿನ ಮುಂದೆ ಸುರಿಯುತ್ತದೆ. ಹಾಗಾಗದಂತೆ, ಮಾನಿಟರ್ ಅಲ್ಲದವುಗಳ ಹೆಸರನ್ನು ಒಂದೊಂದೇ ಸಾಲಾಗಿ, ಎಲ್ಲರ ಕಂಪ್ಯೂಟರಿಗೂ ಹೋಗುವ ಡ್ರೈವರ್ ತಂತ್ರಾಂಶದಲ್ಲಿ ಬರೆದಿಡುವುದು ಮಾಮನ ಹನ್ನೊಂದು ವರ್ಷದ ಘನಕಾರ್ಯ. ಹಣೆಯ ಮೇಲೆ ಹೆಡ್‌ಸೆಟ್ಟಿನ ಕೆಂಪು ಗೆರೆ ಖಾಯಂ. ಹೆಡ್‌ಸೆಟ್ ತೆಗೆಯಲು ಮರೆತು ಊಟಕ್ಕೆ ಹೊರಟು, ಗೋಡೆಗೆ ನಮಸ್ಕಾರ ಹೇಳಿ ಬಂದದ್ದೂ ಉಂಟು. ಯಾರು ಏನು ಕೇಳಿದರೂ, "ಮೊದ್ಲು ಕೇಬಲ್ ಕಿತ್ತು ಚುಚ್ಚಿ ನೋಡಿ" ಎನ್ನುತ್ತಾರೆ. ಗಂಡಹೆಂಡಿರ ಜಗಳಕ್ಕೂ ಅದೇ ಮದ್ದು. ಮೊನ್ನೆ ಹೊಸ ಮೇಲಧಿಕಾರಿಣಿ ಪಟ್ಟಿಯನ್ನು ಸೋಸಲು ಕೂತರು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಈ ಹೆಡ್‌ಸೆಟ್ ಮಾಡಿದ ಕಂಪನಿ ಮುಚ್ಚಿ ಆರು ವರ್ಷ ಆಯ್ತಲ್ರೀ ಮಾಮ, ಇನ್ನೂ ಯಾರು ಹಾಕ್ಕೋತಾರೆ? ಅಳಿಸ್ಬಿಡ್ಲಾ?" "ಒಬ್ರು ಹಾಕ್ಕೋತಾರೆ." "ಒಬ್ರಿಗೋಸ್ಕರ ಒಂದು ಸಾಲಾ?" ಮಾಮ ಮನೆಗೆ ವಿಡಿಯೊ ಕರೆ ಮಾಡಿದರು. ಕಣ್ಣು ಮಂಜಾಗಿ, ಅದೇ ಹಳೆಯ ಹೆಡ್‌ಸೆಟ್ ಇಲ್ಲದೆ ಯಾರ ಮುಖವೂ ಕಾಣದ ಅಕ್ಕ, ಅದರೊಳಗೆ ಗೋಡೆಯಷ್ಟು ದೊಡ್ಡದಾಗಿ ಕಂಡ ತಮ್ಮನನ್ನು ನಿಧಾನವಾಗಿ ನೋಡಿ, "ಕಿವಿ ಹತ್ರ ಗಡ್ಡ ಹಾಗೇ ಬಿಟ್ಟಿದ್ದೀಯಲ್ಲೋ, ಕತ್ತೆ" ಎಂದರು. ಮೇಲಧಿಕಾರಿಣಿ ಆ ಸಾಲನ್ನು ಮುಟ್ಟದೆ ಮುಂದಿನದಕ್ಕೆ ಹೋದರು.